ಸೋಮವಾರ ಶುರು, ಗುರುವಾರ ಬಂದ್: ನಿಮ್ಮಲ್ಲಿ ಕೊನೆಗೂ ಉಳಿದುಕೊಂಡ ಅಭ್ಯಾಸ ಯಾವುದು, ಹೇಗೆ ಉಳಿಯಿತು?

ಅರ್ಧಕ್ಕೆ_ನಿಂತವ:

ವಯಸ್ಸು 41. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲೇ. ಹೋದ ತಿಂಗಳು ಡಾಕ್ಟರು ಬಿ.ಪಿ. ನೋಡಿ, "ಸದ್ಯಕ್ಕೆ ಮಾತ್ರೆ ಬೇಡ, ಆದರೆ ಗಡಿಯಲ್ಲಿದ್ದೀರಿ. ದಿನಚರಿ ಸ್ವಲ್ಪ ಬದಲಿಸಿಕೊಳ್ಳಿ" ಅಂದರು. ಆ "ಸ್ವಲ್ಪ" ಅನ್ನೋದೇ ನನಗೆ ಕಂಟಕ. ಸ್ವಲ್ಪ ಮಾಡಿ ನನಗೆ ಗೊತ್ತಿಲ್ಲ.

ಹಿಂದಿನ ಸಲ ಏನು ಮಾಡಿದ್ದೆ ಕೇಳಿ. ಬೆಳಿಗ್ಗೆ ಐದಕ್ಕೆ ಏಳೋದು, ಅರ್ಧ ಗಂಟೆ ಓಟ, ತಣ್ಣೀರು ಸ್ನಾನ, ಹತ್ತು ನಿಮಿಷ ಧ್ಯಾನ, ಸಕ್ಕರೆ ಬಂದ್, ರಾತ್ರಿ ಹತ್ತಾದ ಮೇಲೆ ಫೋನ್ ಬಂದ್. ಆರೂ ಒಂದೇ ದಿನ ಶುರು. ಹೊಸ ನೋಟ್‌ಬುಕ್ ತಂದು, ಸ್ಕೇಲ್ ಹಿಡಿದು 30 ಚೌಕ ಗೆರೆ ಹಾಕಿದೆ. ಮೂರು ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಮೂರನೇ ದಿನ ಆಫೀಸಿನಿಂದ ಮನೆ ಸೇರಿದಾಗ ರಾತ್ರಿ ಹನ್ನೊಂದು. ಮಾರನೇ ದಿನ ಐದರ ಅಲಾರಂ ಯಾವಾಗ ಆಫ್ ಮಾಡಿದೆನೋ ನೆನಪಿಲ್ಲ, ಎದ್ದಾಗ ಏಳೂವರೆ. ಓಟ ಹೋಯ್ತು, ಇನ್ನು ಧ್ಯಾನ ಯಾಕೆ, ಧ್ಯಾನಾನೂ ಇಲ್ಲ ಅಂದಮೇಲೆ ಸಕ್ಕರೆ ಏನು ಪಾಪ ಮಾಡಿದೆ ಅಂತ ಸಂಜೆಯೊಳಗೆ ಆರೂ ಮಗುಚಿಕೊಂಡವು. ಆ ನೋಟ್‌ಬುಕ್‌ನಲ್ಲಿ ಮೂರು ಟಿಕ್ ಇದೆ, 27 ಖಾಲಿ ಚೌಕ ಇದೆ. ಕಪಾಟು ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತೆ.

ದಯವಿಟ್ಟು ಉಪದೇಶ ಬೇಡ. ಮನಸ್ಸಿದ್ದರೆ ಮಾರ್ಗ ಅನ್ನೋರಿಗೆ ದೂರದಿಂದಲೇ ನಮಸ್ಕಾರ. ನಿಮ್ಮಲ್ಲಿ ನಿಜವಾಗಿ ಉಳಿದದ್ದು ಏನು, ಎಷ್ಟು ಚಿಕ್ಕದಾದರೂ ಸರಿ, ಅದು ಹೇಗೆ ಅಂಟಿಕೊಂಡಿತು ಅಂತ ಹೇಳಿ. ಇನ್ನೊಂದು ಪ್ರಶ್ನೆ: 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗಿಬಿಡುತ್ತೆ ಅಂತಾರಲ್ಲ, ಹೌದಾ? ನಾನು ಯಾವತ್ತೂ 21 ಮುಟ್ಟಿಲ್ಲ, ಹಾಗಾಗಿ ಪರೀಕ್ಷೆ ಮಾಡೋ ಯೋಗ ಬಂದಿಲ್ಲ.

ಎರಡನೇ_ಸಲ:

21ರ ಕಥೆ ಮೊದಲು ಮುಗಿಸಿಬಿಡೋಣ. ಅದು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಮೂಗು ಸರಿಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣೋ ಹೊಸ ಮುಖ ತಮ್ಮದೇ ಅನ್ನಿಸೋಕೆ ಕಡಿಮೆ ಅಂದರೂ 21 ದಿನ ಹಿಡಿಯುತ್ತೆ ಅಂತ ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗ್ತಾ "ಕಡಿಮೆ ಅಂದರೂ" ಅನ್ನೋದು ಉದುರಿಹೋಯ್ತು, ಮೂಗೂ ಉದುರಿಹೋಯ್ತು, 21 ಮಾತ್ರ ಉಳೀತು. ಹೊಸ ಮೂಗಿಗೆ ಒಗ್ಗೋಕೆ ನೀವೇನೂ ಮಾಡಬೇಕಿಲ್ಲ, ಅದು ಮುಖದ ಮೇಲೇ ಇರುತ್ತೆ. ಓಟ ಹಾಗಲ್ಲವಲ್ಲ.

ಇದನ್ನ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಅವರ ಸಂಗಡಿಗರು. ಅದು ಅಚ್ಚಾದದ್ದು 2010ರಲ್ಲಿ. 96 ಜನ, ತಲೆಗೊಂದೇ ಅಭ್ಯಾಸ, 84 ದಿನ. "ಯೋಚನೆಯಿಲ್ಲದೆ ಕೈ ತಾನಾಗಿ ಹೋಗುತ್ತೆ" ಅನ್ನೋ ಮಟ್ಟಕ್ಕೆ ಬರೋಕೆ ಸರಾಸರಿ ತೆಗೆದರೆ 66 ದಿನ. ಆದರೆ ಸರಾಸರಿಯನ್ನ ತಲೆ ಮೇಲೆ ಹೊರಬೇಡಿ, ಒಬ್ಬರಿಗೆ 18 ದಿನ ಸಾಕಾಗಿದೆ, ಇನ್ನೊಬ್ಬರದು ಲೆಕ್ಕ ಹಾಕಿದರೆ 254ಕ್ಕೆ ಹೋಗಿ ನಿಂತಿದೆ. ಒಂದು ಲೋಟ ನೀರು ಕುಡಿಯೋಂಥದ್ದು ಬೇಗ ಅಂಟುತ್ತೆ, ವ್ಯಾಯಾಮ ತಡ ಮಾಡುತ್ತೆ.

ನಿಮಗೆ ಬೇಕಾದ ಮಾತು ಅದರಲ್ಲೇ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯೋದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ನಿಮ್ಮ ನಾಲ್ಕನೇ ದಿನ ಏನೂ ಕೆಟ್ಟಿರಲಿಲ್ಲ ಸ್ವಾಮಿ. ಕೆಡಿಸಿದ್ದು ಆ ಸಂಜೆ.

ಹಲ್ಲುಜ್ಜುವವಳು:

ನನ್ನದು ನಗಬೇಡಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲೋದು. ಮೇಲಿನ ಸಾಲು ಉಜ್ಜೋವಾಗ ಬಲಗಾಲು, ಕೆಳಗಿನ ಸಾಲಿಗೆ ಎಡಗಾಲು. ಬಾಯಿ ಮುಕ್ಕಳಿಸಿದ ಮೇಲೆ ಬೇಸಿನ್ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು ಹದಿನೈದು ಸಲ. ಆರು ವರ್ಷವಾಯ್ತು. ಇದಕ್ಕೆ ನಾನು ಒಂದು ದಿನವೂ "ಇವತ್ತು ಮಾಡಬೇಕು" ಅಂತ ಮನಸ್ಸು ಗಟ್ಟಿ ಮಾಡಿದ್ದಿಲ್ಲ, ಯಾಕಂದರೆ ಹಲ್ಲುಜ್ಜೋಕೆ ಹೇಗೂ ನಿಲ್ಲಲೇಬೇಕು. ಹೊಸ ಗೂಟ ಹೊಡೆಯೋ ಬದಲು ಇರೋ ಗೂಟಕ್ಕೇ ಹಗ್ಗ ಕಟ್ಟಿದೆ ಅಷ್ಟೆ.

ಇದೇ ಅವಧಿಯಲ್ಲಿ ಮೂರು ಸಲ ಜಿಮ್ ಸೇರಿ ಮೂರು ಸಲ ಬಿಟ್ಟಿದ್ದೀನಿ. ಅದನ್ನೂ ಹೇಳಿಬಿಡಬೇಕು.

ಮೌನಿಬಾಬ:

ದಿನಕ್ಕೆ ಎಂಟು ಲೋಟ ನೀರು ಅಂತ ಹಾಕಿಕೊಂಡಿದ್ದೆ. ಕೊನೆಗೆ ಆದ ಅಭ್ಯಾಸ ಒಂದೇ, ಬಾತ್‌ರೂಮಿಗೆ ಓಡೋದು.

ಹಲ್ಲುಜ್ಜುವವಳು:

@ಮೌನಿಬಾಬ ಹೆಜ್ಜೆ ಲೆಕ್ಕಕ್ಕೆ ಸೇರಿಸಿಕೊಳ್ಳಿ, ವ್ಯರ್ಥವಾಗೋದು ಬೇಡ.

ಪಾಳಿ_ಹಕ್ಕಿ:

ನಾನು ನರ್ಸ್. ಒಂದು ವಾರ ಬೆಳಿಗ್ಗೆ ಪಾಳಿ, ಒಂದು ವಾರ ರಾತ್ರಿ. "ಬೆಳಿಗ್ಗೆ ಐದಕ್ಕೆ ಎದ್ದು" ಅಂತ ಶುರುವಾಗೋ ಯಾವ ಸಲಹೆಯೂ ನನಗೆ ಬರೆದದ್ದಲ್ಲ. ಐದಕ್ಕೆ ನಾನು ಎದ್ದೇ ಇರ್ತೀನಿ, ಹತ್ತು ಗಂಟೆಯಿಂದ ನಿಂತೇ ಇರ್ತೀನಿ.

ಬಹಳ ವರ್ಷ ನನ್ನ ಪಾಲಿಗೆ ದಿನಚರಿ ಅನ್ನೋದೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ಗೊತ್ತಾದದ್ದು, ಗಡಿಯಾರಕ್ಕೆ ಕಟ್ಟಿದ್ದು ನನ್ನಲ್ಲಿ ನಿಲ್ಲಲ್ಲ, ಕೆಲಸಕ್ಕೆ ಕಟ್ಟಿದ್ದು ನಿಲ್ಲುತ್ತೆ. ಯಾವ ಪಾಳಿಯಾದರೂ ಯೂನಿಫಾರಂ ಬಿಚ್ಚೋದು ತಪ್ಪಲ್ಲ. ಯೂನಿಫಾರಂ ಬಿಚ್ಚಿ ಬುಟ್ಟಿಗೆ ಹಾಕಿದ ಕೂಡಲೇ ನೆಲದ ಮೇಲೆ ಮಲಗಿ, ಕಾಲು ಎರಡೂ ಗೋಡೆಗೆ ಎತ್ತಿ ಇಡೋದು. ಐದು ನಿಮಿಷ. ಇಡೀ ಹೊತ್ತು ನಿಂತ ಪಾದ ಆ ಗೋಡೆಗೆ ತಾಗಿದಾಗ ಆಗೋ ತಂಪು ಇದೆಯಲ್ಲ, ಅದಕ್ಕೋಸ್ಕರವಾದರೂ ಮಾಡ್ತೀನಿ. ಅಲ್ಲಿ ಫೋನ್ ಇಲ್ಲ. ಕಣ್ಣು ಮುಚ್ಚೋದೂ ಇಲ್ಲ, ಮುಚ್ಚಿದರೆ ಅಲ್ಲೇ ನಿದ್ದೆ.

ರಾತ್ರಿ ಪಾಳಿಯವರಿಗೆ ಎರಡು ಮಾತು. ಮನೆಗೆ ಬರುವಾಗ ಬಿಸಿಲು ಕಣ್ಣಿಗೆ ಬಿದ್ದರೆ ಮಿದುಳು "ಬೆಳಗಾಯ್ತು" ಅಂತ ತೀರ್ಮಾನಿಸಿಬಿಡುತ್ತೆ, ಅದರ ಗಡಿಯಾರಕ್ಕೆ ಕೀಲಿ ಕೊಡೋದೇ ಬೆಳಕು. ನಾನು ಕಪ್ಪು ಕನ್ನಡಕ ಹಾಕ್ಕೊಂಡೇ ಬರ್ತೀನಿ, ಬಸ್ಸಲ್ಲಿ ಜನ ನೋಡಿದರೆ ನೋಡಲಿ. (ಗಾಡಿ ಓಡಿಸಿಕೊಂಡು ಬರೋರು ಬೇಡ, ಮೊದಲೇ ತೂಕಡಿಕೆ ಇರುತ್ತೆ.) ಎರಡನೇದು ಕಾಫಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯೋಕೇ ಹೆಚ್ಚು ಕಮ್ಮಿ ಐದು ಗಂಟೆ ಬೇಕು. ಪಾಳಿಯ ಮೊದಲರ್ಧದಲ್ಲೇ ಕುಡಿದು ಮುಗಿಸ್ತೀನಿ. ಮೊದಲು ಬೆಳಗಿನ ಜಾವ ನಾಲ್ಕಕ್ಕೆ ಕುಡಿದು, ಒಂಬತ್ತಕ್ಕೆ ಮಲಗಿ, ನಿದ್ದೆ ಬರ್ತಿಲ್ಲ ಅಂತ ಅಳ್ತಿದ್ದವಳು ನಾನೇ.

ಮಂಡಿನೋವಿನ_ಮಾವ:

ವಯಸ್ಸು 68. ಬಲ ಮಂಡಿ ಸವೆದಿದೆ. ಮಕ್ಕಳು ಕೈಗೆ ಹೆಜ್ಜೆ ಎಣಿಸುವ ಪಟ್ಟಿ ಕಟ್ಟಿ, ದಿನಕ್ಕೆ 10,000 ಆಗಲೇಬೇಕು ಎಂದರು. ನಾನು ಮಾತು ಕೇಳುವ ತಂದೆ. ಹತ್ತನೇ ದಿನಕ್ಕೆ ಮಂಡಿ ಊದಿಕೊಂಡು ಮೆಟ್ಟಿಲು ಹತ್ತಲಾರದೆ ಕೂತೆ.

ಆ ಹತ್ತು ಸಾವಿರ ಯಾವ ವೈದ್ಯರ ಲೆಕ್ಕವೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಣಿಕೆ ಯಂತ್ರ ಮಾರಲು ಹೊರಟಿತು. ಅದರ ಹೆಸರು ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರಿಗಾಗಿ ಬಂದ ಸಂಖ್ಯೆ ನಮ್ಮ ಕೈಗೆ ಬೇಡಿಯಾಯಿತು. 2019ರಲ್ಲಿ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ನಡಿಗೆಯನ್ನು ಅಳೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700ರಷ್ಟು ಹೆಜ್ಜೆ ಹಾಕುವವರಿಗಿಂತ 4,400ರಷ್ಟು ಹಾಕುವವರಲ್ಲಿ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆಯಿತ್ತು. 7,500ರ ಆಸುಪಾಸಿಗೆ ಬಂದ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಈಗ ನಾನು ದಿನಕ್ಕೆ ನಾಲ್ಕೂವರೆ ಸಾವಿರ ಹೆಜ್ಜೆ ನಡೆಯುತ್ತೇನೆ, ಮೂರು ಕಂತಿನಲ್ಲಿ. ಮತ್ತೊಂದು: ಟಿ.ವಿ.ಯಲ್ಲಿ ಜಾಹೀರಾತು ಬಂದಾಗ ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. ಮೊದಲ ದಿನ ಎರಡನೆಯದಕ್ಕೇ ತೊಡೆ ನಡುಗಿತ್ತು. ಜಾಹೀರಾತು ಇಷ್ಟೊಂದು ಬರುತ್ತದೆಂದು ಬೈಯುವುದನ್ನು ಬಿಟ್ಟಿದ್ದೇನೆ.

ಕಹಿಗುಳಿಗೆ:

ಎಲ್ಲರೂ ಚೆನ್ನಾಗಿ ಬರೀತಿದ್ದೀರಿ. ಆದರೆ ಒಂದು ಮಾತು. ಹನ್ನೆರಡು ಗಂಟೆ ದುಡಿಸಿಕೊಂಡು, ಮೂರು ಗಂಟೆ ದಾರಿಯಲ್ಲೇ ಕಳೆಯೋ ಹಾಗೆ ಮಾಡಿ, ರಾತ್ರಿ ಹತ್ತಕ್ಕೂ ಮೆಸೇಜ್ ಕಳಿಸಿ, ಆಮೇಲೆ "ಒತ್ತಡ ನಿರ್ವಹಣೆಗೆ ಐದು ಸರಳ ಅಭ್ಯಾಸ" ಅಂತ ಆಫೀಸಲ್ಲೇ ಕೂರಿಸಿ ಒಂದು ಗಂಟೆ ಪಾಠ ಮಾಡ್ತಾರೆ. ಆ ಒಂದು ಗಂಟೆ ಬೇಗ ಮನೆಗೆ ಬಿಟ್ಟಿದ್ದರೆ ಸಾಕಿತ್ತು. ಬೆಂಕಿ ಹಚ್ಚಿದವನು ಒಬ್ಬ, ಬೀಸಣಿಗೆ ನಮ್ಮ ಕೈಗೆ. ನಮ್ಮ ಆರೋಗ್ಯ ಕೆಟ್ಟರೆ ನಾವು ಗೋಡೆಗೆ ಕಾಲು ಎತ್ತಿಡಲಿಲ್ಲ ಅನ್ನೋ ತೀರ್ಮಾನಕ್ಕೆ ಬರಬೇಡಿ.

ಪಾಳಿ_ಹಕ್ಕಿ:

ಬಂದಿಲ್ಲ ಸರ್. ನಮ್ಮ ವಾರ್ಡಿಗೆ ಇನ್ನೂ ಇಬ್ಬರು ನರ್ಸ್ ಬೇಕು ಅಂತ ಅರ್ಜಿ ಬರೆದು ಸಹಿ ಹಾಕಿಸಿದವಳೂ ನಾನೇ. ಆ ಇಬ್ಬರು ಬರೋತನಕ ಕಾಲು ನನ್ನದೇ ತಾನೇ ನೋಯೋದು.

ಅಮ್ಮನ_ಪಕ್ಕ:

ಕಹಿಗುಳಿಗೆಯವರ ಸಿಟ್ಟು ನನಗೆ ಅರ್ಥವಾಗುತ್ತೆ. ನನಗೆ ಬಾಸ್ ಇಲ್ಲ, ಹಾಸಿಗೆ ಹಿಡಿದ ಅಮ್ಮ ಇದ್ದಾರೆ. ನಾಲ್ಕು ವರ್ಷ. "ನಿನಗಾಗಿ ಸ್ವಲ್ಪ ಸಮಯ ಇಟ್ಟುಕೋ" ಅಂತ ಹೇಳೋರಿಗೆಲ್ಲ, ಬಂದು ಎರಡು ಗಂಟೆ ಅಮ್ಮನ ಹತ್ತಿರ ಕೂರ್ತೀರಾ ಅಂತ ಕೇಳಬೇಕು ಅನ್ನಿಸಿದ್ದಿದೆ. ಒಂದೆರಡು ಸಲ ಕೇಳಿದ್ದೂ ಇದೆ. ಆಮೇಲೆ ಅವರು ಆ ಮಾತು ಆಡಲಿಲ್ಲ.

ಆದರೂ ನನ್ನಲ್ಲಿ ಒಂದು ಉಳಿದಿದೆ, ಹೇಳ್ತೀನಿ. ರಾತ್ರಿ ಒಂಬತ್ತೂವರೆಗೆ ಅಮ್ಮನಿಗೆ ಕೊನೆಯ ಮಾತ್ರೆ. ಅದು ಕೊಟ್ಟು, ಲೋಟ ತೊಳೆದು ಬೋರಲು ಹಾಕಿ, ಬಾಗಿಲಿನ ಹೊರಗೆ ಮೆಟ್ಟಿಲ ಮೇಲೆ ಕೂರೋದು. ಐದು ಎಣಿಸ್ತಾ ಉಸಿರು ಒಳಗೆ, ಐದು ಎಣಿಸ್ತಾ ಹೊರಗೆ. ಹಾಗೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರು. ನಿಧಾನಕ್ಕೆ ಹೊರಗೆ ಬಿಡುವಾಗ ವೇಗಸ್ ನರ ಎದೆಬಡಿತವನ್ನ ಸ್ವಲ್ಪ ತಗ್ಗಿಸುತ್ತೆ ಅಂತ ಫಿಸಿಯೋಥೆರಪಿಗೆ ಬರೋ ಹುಡುಗಿ ಹೇಳಿದಳು. ಮಣಿಕಟ್ಟಿಗೆ ಬೆರಳಿಟ್ಟು ನೋಡಿದೆ, ಒಳಗೆ ಎಳೆದಾಗ ಸ್ವಲ್ಪ ಚುರುಕು, ಬಿಟ್ಟಾಗ ನಿಧಾನ. ನಿಜಕ್ಕೂ ತಿಳಿಯುತ್ತೆ. ಅಮ್ಮನ ನಾಡಿ ದಿನಾ ನೋಡ್ತೀನಿ, ನನ್ನ ನಾಡಿ ನಾನು ಮುಟ್ಟಿ ನೋಡಿದ್ದು ಅದೇ ಮೊದಲು.

ಎರಡು ನಿಮಿಷ. ಒಮ್ಮೊಮ್ಮೆ ಒಳಗಿಂದ ಕರೀತಾರೆ, ಒಂದೇ ನಿಮಿಷಕ್ಕೆ ಏಳಬೇಕಾಗುತ್ತೆ. ಇದರಿಂದ ನನ್ನ ಬದುಕು ಬದಲಾಗಿಲ್ಲ. ಆದರೆ ಒಳಗೆ ಹೋದಾಗ ದನಿ ಏರಿಸೋದು ಕಮ್ಮಿಯಾಗಿದೆ.

ಕಹಿಗುಳಿಗೆ:

@ಅಮ್ಮನ_ಪಕ್ಕ ಕ್ಷಮಿಸಿ ಅಕ್ಕಾ. ನನ್ನ ಮಾತು ನಿಮ್ಮಂಥವರಿಗೆ ಆಡಿದ್ದಲ್ಲ.

ಸರಪಳಿ_412:

ಆ್ಯಪ್ ಇಟ್ಟುಕೊಂಡವರು ನನ್ನ ಕಥೆ ಕೇಳಿ. ಹೆಸರಲ್ಲೇ ಇದೆ, 412 ದಿನ ಒಂದೂ ಬಿಡದೆ ನಡೆದಿದ್ದೆ. ಕೊನೆಕೊನೆಗೆ ನಡಿಗೆ ಆರೋಗ್ಯಕ್ಕಲ್ಲ, ಸಂಖ್ಯೆಗೆ. 102 ಡಿಗ್ರಿ ಜ್ವರದಲ್ಲಿ ರಾತ್ರಿ 11:50ಕ್ಕೆ ಎದ್ದು ಮಂಚದ ಸುತ್ತ ಸುತ್ತಿದ್ದೀನಿ. ಹೆಂಡತಿ ದೀಪ ಹಾಕಿ ಒಂದು ಮಾತೂ ಆಡದೆ ನೋಡಿ, ದೀಪ ಆರಿಸಿ ಮಲಗಿದಳು. 413ನೇ ದಿನ ಪ್ರಯಾಣದಲ್ಲಿ ಫೋನ್ ಚಾರ್ಜ್ ಸತ್ತು ಸರಪಳಿ ತುಂಡಾಯ್ತು. ಮಾರನೇ ದಿನ ಪರದೆ ಮೇಲೆ "1" ಅಂತ ಬಂತು. ಆ ಒಂದನ್ನ ನೋಡಿ ಐದು ತಿಂಗಳು ನಡೆಯಲೇ ಇಲ್ಲ.

ಈಗ ಆ್ಯಪ್ ಇಲ್ಲ. ಒಂದೇ ನಿಯಮ ಇಟ್ಟುಕೊಂಡಿದ್ದೀನಿ: ಒಂದು ದಿನ ತಪ್ಪಬಹುದು, ಎರಡನೇ ದಿನ ತಪ್ಪಬಾರದು. ಅದೂ ವರ್ಷದಲ್ಲಿ ಐದಾರು ಸಲ ತಪ್ಪಿದೆ, ಪ್ರಪಂಚ ಮುಳುಗಿಲ್ಲ.

ನಿದ್ದೆಗೇಡಿ:

ಮಾಜಿ ನಿದ್ದೆಗೇಡಿ ಅಂತ ಹೆಸರು ಬದಲಿಸಬೇಕು. ನನ್ನ ಅನುಭವದಲ್ಲಿ ಉಳಿದೆಲ್ಲಕ್ಕೂ ಮೊದಲು ನಿದ್ದೆ. ದೊಡ್ಡವರಿಗೆ ಏಳು ಗಂಟೆಗೆ ಕಮ್ಮಿಯಾಗಬಾರದು ಅಂತಾರೆ, ನಾನು ಐದರಲ್ಲಿ ಬದುಕ್ತಿದ್ದೆ. ಐದು ಗಂಟೆ ಮಲಗಿದವನಿಗೆ ಬೆಳಿಗ್ಗೆ ಓಡು ಅನ್ನೋದು ಶಿಕ್ಷೆ.

ಮಾಡಿದ್ದು ಮೂರು. ಒಂದು, ಫೋನು ಹಾಲ್‌ನಲ್ಲಿ ಚಾರ್ಜಿಗೆ, ತಲೆದಿಂಬಿನ ಹತ್ತಿರ ಹಳೇ ಅಲಾರಂ ಗಡಿಯಾರ. ನನ್ನ ಮನಸ್ಸನ್ನ ಗಟ್ಟಿ ಮಾಡಿದ್ದಲ್ಲ, ಫೋನಿಗೂ ನನಗೂ ನಡುವೆ ಹದಿನೆಂಟು ಹೆಜ್ಜೆ ಇಟ್ಟದ್ದು. ಚಳಿಗಾಲದಲ್ಲಿ ಆ ಹದಿನೆಂಟು ಹೆಜ್ಜೆಗೆ ಯಾರೂ ಏಳಲ್ಲ. ಎರಡು, ಮಲಗೋ ಹೊತ್ತನ್ನ ಬಿಟ್ಟುಬಿಟ್ಟೆ, ಏಳೋ ಹೊತ್ತನ್ನ ಹಿಡಿದೆ. ಭಾನುವಾರವೂ ಆರೂವರೆಗೇ. ಎದ್ದ ತಕ್ಷಣ ಹೊರಗಿನ ಬೆಳಕಿಗೆ ಬಂದು ನಿಲ್ಲೋದು. ಮೊದಲ ವಾರ ನರಕ, ಆಮೇಲೆ ರಾತ್ರಿ ತಾನಾಗಿ ಕಣ್ಣು ಎಳೆಯೋಕೆ ಶುರುವಾಯ್ತು. ಮೂರು, ಇಪ್ಪತ್ತು ನಿಮಿಷದ ಹಾಗೆ ಹೊರಳಾಡಿಯೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಹೋಗಿ ಕೂರೋದು, ನಿದ್ದೆ ತೂಗಿದಾಗ ಮಾತ್ರ ವಾಪಸ್. ಗಡಿಯಾರ ನೋಡಿ ಅಳೀಬೇಡಿ, ಅಂದಾಜು ಸಾಕು. ಇದನ್ನ ರಿಚರ್ಡ್ ಬೂಟ್ಜಿನ್ ಅನ್ನೋ ಮನಶ್ಶಾಸ್ತ್ರಜ್ಞ 1970ರ ದಶಕದ ಶುರುವಿನಲ್ಲೇ ಹೇಳಿದ್ದು, ಇವತ್ತಿಗೂ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಬಳಸ್ತಾರೆ. ಹಾಸಿಗೆ ಅಂದರೆ ಹೊರಳಾಟ ಅಂತ ಮೈಗೆ ಪಾಠವಾಗಿರುತ್ತೆ, ಆ ಪಾಠ ಮರೆಸಬೇಕು.

ತಲೆಯಲ್ಲಿ ನಾಳೆಯ ಕೆಲಸ ಗಿರಗಿರ ತಿರುಗೋರು ಮಲಗೋ ಮುಂಚೆ ಐದು ನಿಮಿಷ ಅದನ್ನೆಲ್ಲ ಚೀಟಿಯಲ್ಲಿ ಬರೆದಿಡಿ. ಇವತ್ತು ಮುಗಿಸಿದ್ದನ್ನಲ್ಲ, ನಾಳೆ ಮಾಡಬೇಕಾದ್ದನ್ನ. 2018ರ ಒಂದು ಸಣ್ಣ ಪ್ರಯೋಗದಲ್ಲಿ, ಮುಗಿಸಿದ್ದನ್ನ ಬರೆದವರಿಗಿಂತ ಹೀಗೆ ಬರೆದವರು ಬೇಗ ನಿದ್ದೆ ಹೋಗಿದ್ದರು.

ಗೊರಕೆ ಜೋರಿದ್ದು, ಏಳೆಂಟು ಗಂಟೆ ಮಲಗಿಯೂ ಹಗಲು ತೂಕಡಿಸೋರು ಈ ಮೂರನ್ನ ನೆಚ್ಚಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ. ಉಸಿರು ನಿಂತು ನಿಂತು ಬರೋ ತೊಂದರೆ ಇರಬಹುದು, ಅದು ಬಿ.ಪಿ.ಯನ್ನೂ ಏರಿಸುತ್ತೆ.

ದೊಡ್ಡಹೆಜ್ಜೆ:

ಎಲ್ಲರೂ "ಚಿಕ್ಕದು ಸಾಕು" ಅಂತಿದ್ದೀರಿ, ನಾನು ಒಪ್ಪಲ್ಲ. ಎರಡು ನಿಮಿಷ ಹಿಮ್ಮಡಿ ಎತ್ತಿದರೆ ಬಿ.ಪಿ. ಇಳಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರೋ ವ್ಯಾಯಾಮ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಮ್ಮಿ, ಅಂದರೆ ಒಂದು ಸಣ್ಣ ಚಮಚಕ್ಕಿಂತ ಕಮ್ಮಿ, ಎಲ್ಲ ಸೇರಿ. ಗಡಿಯಲ್ಲಿರೋ ಬಿ.ಪಿ.ಯವರಿಗೆ ಇದು ಆಟವಲ್ಲ. ನಾನು ಒಂದೇ ಸಲಕ್ಕೆ ಧುಮುಕಿ, ದಿನಾ ನಲವತ್ತೈದು ನಿಮಿಷ ನಡೆದೇ ಬದಲಾದವನು.

ಎರಡನೇ_ಸಲ:

@ದೊಡ್ಡಹೆಜ್ಜೆ ಲೆಕ್ಕ ನಿಮ್ಮದೇ ಸರಿ. ಚಿಕ್ಕದು ಬಾಗಿಲು, ಮನೆಯಲ್ಲ. ಬಾಗಿಲಲ್ಲೇ ನಿಂತು ಮನೆ ಕಟ್ಟಿದೆ ಅನ್ನೋದೂ ತಪ್ಪು. ಆದರೆ ಧುಮುಕಿ ಈಜಿದವರು ಮಾತಾಡೋಕೆ ದಡದಲ್ಲಿರ್ತಾರೆ, ಧುಮುಕಿ ಮುಳುಗಿದವರ ಮಾತು ನಮಗೆ ಕೇಳಿಸಲ್ಲ. ಈ ಚರ್ಚೆ ಶುರುಮಾಡಿದವರು ಆರು ಧುಮುಕಿ ಆರೂ ಮುಳುಗಿದವರು.

ಇನ್ನೊಂದು, 2020ರಲ್ಲಿ ಅದೇ ಸಂಸ್ಥೆ "ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷ" ಅನ್ನೋ ಹಳೇ ಷರತ್ತನ್ನ ತೆಗೆದುಹಾಕಿತು. ಐದೈದು ನಿಮಿಷದ್ದೂ ಲೆಕ್ಕಕ್ಕೆ ಬರುತ್ತೆ. 1953ರಲ್ಲಿ ಜೆರ್ರಿ ಮಾರಿಸ್ ಲಂಡನ್ ಬಸ್ಸಿನವರನ್ನ ಅಧ್ಯಯನ ಮಾಡಿದ್ದು ಗೊತ್ತಲ್ಲ? ದಿನವಿಡೀ ಕೂತೇ ಇರೋ ಡ್ರೈವರ್‌ಗಳಿಗಿಂತ ಎರಡಂತಸ್ತಿನ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಮ್ಮಿ ಇತ್ತು. ಅವರು ಯಾರೂ ಚೌಕ ಗೆರೆ ಹಾಕಿ ಟಿಕ್ ಮಾಡಿದವರಲ್ಲ, ಟಿಕೆಟ್ ಕೊಡೋಕೆ ಹತ್ತಿದವರು.

ದೊಡ್ಡಹೆಜ್ಜೆ:

ಮುಳುಗಿದವರ ಮಾತು ಚೆನ್ನಾಗಿದೆ, ಒಪ್ಪಿದೆ. ಉಪ್ಪಿನ ವಿಷಯ ಮಾತ್ರ ಬಿಡಲ್ಲ.

ಮೋಡ_ಕವಿದ_ಮನೆ:

ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಎರಡು ವರ್ಷದ ಹಿಂದೆ ನನಗೆ ಖಿನ್ನತೆ ಇತ್ತು, ಆಗ ಅದರ ಹೆಸರು ನನಗೆ ಗೊತ್ತಿರಲಿಲ್ಲ. ಸೋಮಾರಿತನ ಅಂತಲೇ ನಾನೂ ಅಂದುಕೊಂಡಿದ್ದೆ. ಇಂಥ ಚರ್ಚೆಗಳನ್ನ ಓದಿ ಓದಿ, ಬೇರೆಯವರು ಓಡ್ತಾರೆ, ನನಗೆ ಹಲ್ಲುಜ್ಜೋಕೂ ಆಗ್ತಿಲ್ಲವಲ್ಲ ಅಂತ ಇನ್ನೂ ಕುಸೀತಿದ್ದೆ. ಹಾಗಾಗಿ ಇದನ್ನ ಸುಮ್ಮನೆ ಓದಿಕೊಂಡು ಹೋಗ್ತಿರೋ ಯಾರಿಗಾದರೂ ಹೇಳಬೇಕು: ಎರಡು ವಾರ ಮೀರಿ, ದಿನದ ಬಹುಪಾಲು, ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಹಸಿವು ಏರುಪೇರು, ಬದುಕೇ ಬೇಡ ಅನ್ನಿಸುತ್ತೆ ಅಂದರೆ ಅದು ಅಭ್ಯಾಸದ ಪ್ರಶ್ನೆಯಲ್ಲ. ಡಾಕ್ಟರ ಹತ್ತಿರ ಹೋಗಿ. ಬದುಕು ಬೇಡ ಅನ್ನೋ ಯೋಚನೆ ಇದ್ದರೆ ಎರಡು ವಾರ ಕಾಯೋದೂ ಬೇಡ, ಇವತ್ತೇ ಯಾರಿಗಾದರೂ ಹೇಳಿ. ನಾನು ಮಾತ್ರೆ ತಗೊಂಡೆ, ಆಪ್ತ ಸಮಾಲೋಚನೆಗೂ ಹೋದೆ.

ಸಮಾಲೋಚಕರು ಮೊದಲ ವಾರ ಕೊಟ್ಟದ್ದು ಒಂದೇ ಕೆಲಸ. ಎದ್ದ ಮೇಲೆ ಕಿಟಕಿ ಪರದೆ ಸರಿಸೋದು. ಸರಿಸಿ ಮತ್ತೆ ಮಲಗಿದರೂ ಸರಿ ಅಂದರು. ಎರಡನೇ ವಾರ, ಪರದೆ ಸರಿಸಿ ಕುಂಡಕ್ಕೆ ನೀರು. ನಾನು "ಮನಸ್ಸು ಬಂದರೆ ಮಾಡ್ತೀನಿ" ಅಂದಿದ್ದಕ್ಕೆ, ಮನಸ್ಸು ಬರೋತನಕ ಕಾಯಬೇಡಿ, ಮೊದಲು ಕೈ ಹೋಗಲಿ, ಮನಸ್ಸು ಹಿಂದಿನಿಂದ ಬರುತ್ತೆ ಅಂತ ಹೇಳಿದರು. ಬಂತು, ತುಂಬಾ ತಡವಾಗಿ ಬಂತು. ಪರದೆಯ ಉಂಗುರ ಕಂಬಿ ಮೇಲೆ ಸರ್ ಅಂತ ಜಾರೋ ಸದ್ದು ಈಗಲೂ ನನಗೆ ಬೇರೆ ಥರ ಕೇಳಿಸುತ್ತೆ.

ಅಮ್ಮನ_ಪಕ್ಕ:

ಬರೆದದ್ದು ಒಳ್ಳೇದಾಯ್ತು. ನಿಮ್ಮ ಕುಂಡದಲ್ಲಿ ಏನಿತ್ತು?

ಮೋಡ_ಕವಿದ_ಮನೆ:

ಆಗ ಒಣ ಕಡ್ಡಿ ಇತ್ತು ಅಕ್ಕಾ. ಅದಕ್ಕೇ ಹಾಕಿದೆ.

ಅರ್ಧಕ್ಕೆ_ನಿಂತವ:

ಎಲ್ಲ ಓದಿದೆ, ಕೆಲವನ್ನ ಎರಡೆರಡು ಸಲ. ಹೆಂಡತಿಗೂ ಓದಿ ಹೇಳಿದೆ, ಮಂಚದ ಸುತ್ತ ಸುತ್ತಿದ್ದಕ್ಕೆ ಅವಳು ನಕ್ಕಿದ್ದು ಇನ್ನೂ ನಿಂತಿಲ್ಲ. ಒಂದನ್ನೇ ಆರಿಸಿಕೊಳ್ತೀನಿ. ಯಾವುದು ಅನ್ನೋದೇ ಸಮಸ್ಯೆ.

ಹಲ್ಲುಜ್ಜುವವಳು:

ದಿನಾ, ಎಷ್ಟೇ ತಡವಾದರೂ ತಪ್ಪದೆ ಮಾಡೋ ಒಂದು ಕೆಲಸ ಹೇಳಿ. ಒಳ್ಳೇದೇ ಆಗಬೇಕಿಲ್ಲ.

ಅರ್ಧಕ್ಕೆ_ನಿಂತವ:

ರಾತ್ರಿ ಊಟ ಆದ ಮೇಲೆ ನನ್ನ ತಟ್ಟೆ ನಾನೇ ತೊಳೆದಿಡ್ತೀನಿ. ಮದುವೆಯಾದಾಗಿನಿಂದ.

ಹಲ್ಲುಜ್ಜುವವಳು:

ಸಿಕ್ಕಿತಲ್ಲ ಗೂಟ. ತಟ್ಟೆ ಸ್ಟ್ಯಾಂಡಿಗೆ ಇಟ್ಟ ಕೂಡಲೇ ಚಪ್ಪಲಿ. ಗೇಟು ದಾಟಿದರೆ ಆವತ್ತಿನದು ಮುಗೀತು. ಮುಂದೆ ಹೋಗೋದು ಬಿಡೋದು ಕಾಲಿಗೆ ಬಿಟ್ಟದ್ದು.

ಎರಡನೇ_ಸಲ:

ಊಟದ ಮೇಲಿನ ನಡಿಗೆ ಒಳ್ಳೇ ಆಯ್ಕೆ. ಸ್ನಾಯು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನ ಇನ್ಸುಲಿನ್‌ಗೆ ಕಾಯದೆ ತಾನೇ ಎಳೆದುಕೊಳ್ಳುತ್ತೆ, ಊಟದ ನಂತರದ ಏರಿಕೆ ತಗ್ಗುತ್ತೆ. ಓಡಬೇಡಿ, ಸುಮ್ಮನೆ ನಡೆಯಿರಿ. ಮಳೆ ಬಂದರೆ ಏನು ಮಾಡ್ತೀರಿ ಅಂತ ಈಗಲೇ ಬರೆದಿಡಿ. "ಹೀಗಾದರೆ ಹೀಗೆ" ಅಂತ ಮೊದಲೇ ತೀರ್ಮಾನಿಸಿಕೊಂಡವರು ಹೆಚ್ಚಾಗಿ ಮಾತು ಉಳಿಸಿಕೊಳ್ತಾರೆ ಅಂತ ಪೀಟರ್ ಗೋಲ್ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞ ತೋರಿಸಿದ್ದಾರೆ. ಮಳೆ ಸುರಿಯೋವಾಗ ಕೂತು ಯೋಚಿಸಿದರೆ ಮನಸ್ಸು ಮಳೆ ಕಡೆಗೇ ವಾಲುತ್ತೆ.

ಅರ್ಧಕ್ಕೆ_ನಿಂತವ:

(ಹತ್ತು ವಾರದ ಮೇಲೆ ಬರೀತಿದ್ದೀನಿ. ಬದುಕಿದ್ದೀನಿ.)

ವರದಿ. 70 ದಿನದಲ್ಲಿ 11 ದಿನ ತಪ್ಪಿದೆ. ಅದರಲ್ಲಿ ನಾಲ್ಕು ಜ್ವರಕ್ಕೆ, ಎರಡು ಆಫೀಸಿಗೆ, ಉಳಿದ ಐದಕ್ಕೆ ಯಾವ ಕಾರಣವೂ ಇಲ್ಲ, ಹೋಗಲಿಲ್ಲ ಅಷ್ಟೆ. ಒಂಬತ್ತನೇ ದಿನ ಮಳೆ. ಬರೆದಿಟ್ಟ ಪ್ರಕಾರ ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲೇ ಎರಡು ನಿಮಿಷ ಮಳೆ ನೋಡ್ತಾ ನಿಂತೆ. ಪಕ್ಕದ ಮನೆಯವರು ಯಾರಿಗಾದರೂ ಕಾಯ್ತಿದ್ದೀರಾ ಅಂತ ಕೇಳಿದರು.

ಮೊದಲೆರಡು ವಾರ ಗೇಟು ದಾಟಿ ಮೊದಲ ದೀಪದ ಕಂಬ ಮುಟ್ಟಿ ವಾಪಸ್. ಈಗ ಇಪ್ಪತ್ತು, ಇಪ್ಪತ್ತೈದು ನಿಮಿಷ ಆಗುತ್ತೆ, ಯಾವಾಗ ಅಷ್ಟಾಯ್ತೋ ತಿಳೀಲಿಲ್ಲ. ದೊಡ್ಡಹೆಜ್ಜೆಯವರೇ, ವಾರಕ್ಕೆ 150 ಹತ್ತಿರ ಬರ್ತಿದೆ, ಆದರೆ ಸ್ನಾಯುವಿನ ಕೆಲಸಕ್ಕೆ ಇನ್ನೂ ಕೈ ಹಾಕಿಲ್ಲ. ಉಪ್ಪಿನ ಡಬ್ಬ ಮೇಜಿನ ಮೇಲಿಂದ ಅಟ್ಟಕ್ಕೆ ಹೋಗಿದೆ. ಬಿ.ಪಿ. ಮುಂದಿನ ವಾರ ತೋರಿಸಬೇಕು. ಐದಕ್ಕೆ ಏಳೋದು, ತಣ್ಣೀರು, ಧ್ಯಾನ ಯಾವುದೂ ಇಲ್ಲ. ಸಕ್ಕರೆ ಜೊತೆ ಸಂಧಾನ ನಡೀತಿದೆ.

ಒಂದು ವಿಷಯ ಮಾತ್ರ ಹೇಳಲೇಬೇಕು. ಹೋದ ವಾರ ನೆಂಟರ ಮನೆಯಲ್ಲಿದ್ದೆ. ಊಟ ಆಯ್ತು, ತಟ್ಟೆ ತೊಳೆಯೋಕೆ ಅವರು ಬಿಡಲಿಲ್ಲ. ಸೋಫಾದಲ್ಲಿ ಕೂತೆ. ಏನೋ ಮರೆತ ಹಾಗೆ ಅನ್ನಿಸೋಕೆ ಶುರುವಾಯ್ತು. ಜೇಬು ಮುಟ್ಟಿಕೊಂಡೆ, ಫೋನ್ ಇತ್ತು. ಕೀ ಇತ್ತು. ಪರ್ಸ್ ಇತ್ತು. ಗ್ಯಾಸ್ ಆರಿಸಿ ಬಂದಿದ್ದೀವಾ ಅಂತ ಹೆಂಡತಿಯನ್ನ ಕೇಳಿದೆ. ಅವಳು ನನ್ನ ಕಾಲು ನೋಡಿದಳು, ಎರಡೂ ಕುಣೀತಿದ್ದವು. "ಹೋಗಿ ಬನ್ನಿ" ಅಂದಳು. ಆಮೇಲೆ ಹೊಳೀತು. ಕತ್ತಲಲ್ಲಿ ಸಿಕ್ಕಿದ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಮಂಡಿನೋವಿನ_ಮಾವ:

ಯಾರ ಚಪ್ಪಲಿ?

ಅರ್ಧಕ್ಕೆ_ನಿಂತವ:

ಬಂದು ದೀಪದಲ್ಲಿ ನೋಡಿದೆ ಮಾವಾ. ಎಡದ್ದು ಅವರದು, ಬಲದ್ದು ಅವರ ಮಗನದು.